ಎರಡನೆಯ ಹಿಡಿ ಸೀಳದೆ ತಲುಪಿತು

ಅಮೆರಿಕದಲ್ಲಿ ಹಳೆಯ ಬೇಟೆ ಬಂದೂಕುಗಳನ್ನು ಸಂಗ್ರಹಿಸುವ ನಾನು, ಬಂದೂಕಿನ ಅಕ್ರೋಟು ಮರದ ಹಿಡಿಯೊಂದನ್ನು ಹೊಳಪು ಕೊಡಿಸಲು ಕಳುಹಿಸಿದ್ದೆ. ಅದು ದಾರಿಯಲ್ಲಿ, ಕೈ ಹಿಡಿಯುವ ಸಣ್ಣ ಭಾಗದಲ್ಲೇ ಸೀಳಿತು. ಬೆಲೆಯ ದಾಖಲೆಯಿರಲಿಲ್ಲ, ಪರಿಹಾರವೂ ಸಿಗಲಿಲ್ಲ. ಅಂಥ ಎಳೆಗಳ ಮರ ಮತ್ತೆಲ್ಲಿ ಸಿಕ್ಕೀತು!

ಎರಡನೆಯ ಹಿಡಿಯನ್ನು ಕಳುಹಿಸುವ ಮೊದಲು ಎಲ್ಲ ಬದಿಗಳ ಚಿತ್ರ ತೆಗೆದು, ಬೆಲೆಯ ಅಂದಾಜನ್ನು ಬರಹದಲ್ಲಿ ಪಡೆದೆ. ಸಡಿಲ ತಿರುಪುಗಳು ದಾರಿಯಲ್ಲಿ ಮರವನ್ನು ಗೀರುತ್ತವೆ. ಅವನ್ನು ಬಿಚ್ಚಿ ಬೇರೆ ಚೀಲದಲ್ಲಿ ಕಟ್ಟಿದೆ. ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು, ನಡುವೆ 2 ಅಂಗುಲ ಬಿಗಿಯಾಗಿ ಕಾಗದ ತುಂಬಿದೆ. ಅಲ್ಲಾಡಿಸಿದರೆ ಸದ್ದೇ ಇಲ್ಲ.

ಅಮೆರಿಕದ ಅಂಚೆಯ ರಿಜಿಸ್ಟರ್ಡ್ ಸೇವೆಯಲ್ಲಿ ಕಳುಹಿಸಿದೆ. ಅದರಲ್ಲಿ 50,000 ಡಾಲರ್‌ವರೆಗೆ ವಿಮೆಯುಂಟು. ಹೊರಗೆ ಪ್ಲಾಸ್ಟಿಕ್ ಟೇಪ್ ಒಪ್ಪುವುದಿಲ್ಲ. ಕಾಗದದ ಟೇಪ್ ಬೇಕು, ಅಂಚುಗಳ ಮೇಲೆಲ್ಲ ಮುದ್ರೆ ಒತ್ತುತ್ತಾರೆ. ನಿಧಾನವೇ ಸರಿ, ಆದರೆ ಪೆಟ್ಟಿಗೆ ಒಂದು ಗೀರೂ ಇಲ್ಲದೆ ತಲುಪಿತು.