ಇನ್ಯೋ ಕಾಡಿನ ನೀರ ದಂಡೆಯಲ್ಲಿ: ಒಂದು ರಾತ್ರಿಯ ಬುಕಿಂಗ್, ವಾರವಿಡೀ ಬಿಡಾರ

ಕ್ಯಾಲಿಫೋರ್ನಿಯಾದ ಇನ್ಯೋ ರಾಷ್ಟ್ರೀಯ ಅರಣ್ಯದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಸರೋವರದ ಪಕ್ಕ ಟೆಂಟ್ ಹಾಕಬೇಕಾದರೆ ಆರು ತಿಂಗಳು ಮೊದಲೇ ಬುಕ್ ಮಾಡಬೇಕು ಎಂಬುದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನಮ್ಮ ಕನ್ನಡ ಬಳಗದಲ್ಲಿ ವೇದವಾಕ್ಯ. ನಾನು ಇದನ್ನು ಒಪ್ಪುವುದಿಲ್ಲ. ಒಂದೇ ರಾತ್ರಿಯನ್ನು ಮುಂಗಡವಾಗಿ ಕಾಯ್ದಿರಿಸಿ, ಉಳಿದ ನಾಲ್ಕು ರಾತ್ರಿಗಳನ್ನು ಸ್ಥಳದಲ್ಲೇ ಗಿಟ್ಟಿಸಿಕೊಳ್ಳುವ ನನ್ನ ಕ್ರಮ ಈಗ ಕೆಲವು ಬೇಸಿಗೆಗಳಿಂದ ಸರಾಗವಾಗಿ ನಡೆಯುತ್ತಿದೆ. ಅದೂ ಎಪ್ಪತ್ತು ದಾಟಿದ ಅಪ್ಪ, ಅಮ್ಮ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು. ‘ವಯಸ್ಸಾದವರನ್ನು ಕಟ್ಟಿಕೊಂಡು ಬುಕಿಂಗ್ ಇಲ್ಲದೆ ಹೋಗುತ್ತೀರಲ್ಲ, ಜಾಗ ಸಿಗದಿದ್ದರೆ ಏನು ಮಾಡುತ್ತೀರಿ ಮಾರಾಯರೇ?’ ಎಂದು ಕೇಳಿದ ಗೆಳೆಯರೇ ಕಳೆದ ಬೇಸಿಗೆಯಲ್ಲಿ ನನ್ನಿಂದ ದಾರಿ ಕೇಳಿಕೊಂಡು ಹೋಗಿ ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳು. ಜನವರಿಯ ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಕಂಪ್ಯೂಟರಿನ ಮುಂದೆ ಕುಳಿತು ಜುಲೈ ಶನಿವಾರಗಳಿಗೆ ಬಲೆ ಬೀಸುವ ಕ್ರಮವನ್ನು ಎರಡು ಮೂರು ವರ್ಷ ನಡೆಸಿದೆ. ದಂಡೆಯ ಸೈಟುಗಳು, ಅಂದರೆ ಟೆಂಟ್ ಹಾಕುವ ಜಾಗಗಳು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗಿಬಿಡುತ್ತಿದ್ದವು. ಸಿಕ್ಕ ಸೈಟುಗಳನ್ನೂ ಮಗಳ ಪಂದ್ಯ, ಕಚೇರಿಯ ಗಡುವು, ಕಾಡ್ಗಿಚ್ಚಿನ ಹೊಗೆ ಎಂದು ಕೊನೆಗೆ ಬಿಟ್ಟುಕೊಡಬೇಕಾಗಿ ಬಂತು. ಎಂಟು ಡಾಲರ್ ಕಾಯ್ದಿರಿಸುವ ಶುಲ್ಕ ವಾಪಸ್ ಬರುವುದಿಲ್ಲ, ರದ್ದತಿಗೆ ಮತ್ತೆ ಹತ್ತು ಡಾಲರ್, ತಡವಾದರೆ ಮೊದಲ ರಾತ್ರಿಯ ಬಾಡಿಗೆಯೂ ಹೋಯಿತು. ನೆನಪಿನಿಂದ ಲೆಕ್ಕ ಹಾಕಿದರೆ ಹೀಗೆ ಕಳೆದದ್ದು ನೂರೈವತ್ತು ಡಾಲರಿಗೆ ಕಡಿಮೆಯಿಲ್ಲ. ಶನಿವಾರ ಬೆಳಿಗ್ಗೆ ಹೋಗಿ ಮೊದಲು ಬಂದವರಿಗೆ ಮೊದಲು ಕೊಡುವ ಸೈಟುಗಳನ್ನು ಹಿಡಿಯುವ ದಾರಿಯೂ ಫಲಿಸಲಿಲ್ಲ. ಅವು ಗುರುವಾರವೇ ತುಂಬಿರುತ್ತವೆ. ಬಿಷಪ್ ಊರಿನ ಮೋಟೆಲಿನಲ್ಲಿ ಒಂದು ರಾತ್ರಿಗೆ ಇನ್ನೂರರ ಹತ್ತಿರ ತೆತ್ತು ಮಲಗಿದ್ದೂ ಉಂಟು.

ನನ್ನ ಕ್ರಮ ಇಷ್ಟೇ. ಹೊರಡುವುದು ಭಾನುವಾರ ನಸುಕಿನಲ್ಲಿ. ಆ ಭಾನುವಾರದ ಒಂದು ರಾತ್ರಿಗೆ ಮಾತ್ರ ತಗ್ಗಿನ ಕ್ಯಾಂಪ್‌ಗ್ರೌಂಡಿನಲ್ಲಿ ಬುಕಿಂಗ್. ಭಾನುವಾರದ ರಾತ್ರಿ ಯಾರಿಗೂ ಬೇಡ, ಆದ್ದರಿಂದ ಎರಡು ವಾರ ಮೊದಲು ನೋಡಿದರೂ ಸಿಗುತ್ತದೆ. ನಾನು ಹೆಚ್ಚಾಗಿ ಹಿಡಿಯುವುದು ಟಾಮ್ಸ್ ಪ್ಲೇಸ್ ಬಳಿಯ ಫ್ರೆಂಚ್ ಕ್ಯಾಂಪ್ ಅಥವಾ ಟಫ್. ಎರಡೂ ರಾಕ್ ಕ್ರೀಕ್ ಹೊಳೆಯ ಪಕ್ಕ, ಏಳರಿಂದ ಏಳೂವರೆ ಸಾವಿರ ಅಡಿಯಲ್ಲಿವೆ. ಸೋಮವಾರ ಬೆಳಿಗ್ಗೆ ಮನೆಯವರನ್ನು ಅಲ್ಲೇ ತಿಂಡಿಗೆ ಬಿಟ್ಟು, ಮೊದಲು ಬಂದವರಿಗೆ ಕೊಡುವ ಸೈಟು ಹುಡುಕಲು ನಾನೊಬ್ಬನೇ ಕಾರಿನಲ್ಲಿ ಮೇಲಕ್ಕೆ ಹೋಗುತ್ತೇನೆ. ರಾಕ್ ಕ್ರೀಕ್ ಸರೋವರದ ಸುತ್ತ ಸುಮಾರು ಒಂಬತ್ತು ಸಾವಿರದ ಆರುನೂರು ಅಡಿ. ಬಿಷಪ್ ಕ್ರೀಕ್ ಕಣಿವೆಗೆ ಹೋಗುವ ವರ್ಷ ಸಬ್ರೀನಾ ಅಥವಾ ನಾರ್ತ್ ಲೇಕ್. ಯಾವುದು ಕಾಯ್ದಿರಿಸುವ ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂಬುದು ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ.

ಹೀಗೆ ಎರಡು ಮೆಟ್ಟಿಲಾಗಿ ಏರುವುದರಿಂದ ಇನ್ನೊಂದು ಲಾಭವೂ ಇದೆ. ಸಮುದ್ರಮಟ್ಟದ ಮನೆಯಿಂದ ಹೊರಟು ಅದೇ ರಾತ್ರಿ ಒಂಬತ್ತೂವರೆ ಸಾವಿರ ಅಡಿಯಲ್ಲಿ ಮಲಗಿದರೆ ತಲೆನೋವು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿ. ಮಧ್ಯದಲ್ಲಿ ಒಂದು ರಾತ್ರಿ ಕಳೆದ ಮೇಲೆ ಅಪ್ಪನಿಗೆ ಒಮ್ಮೆಯೂ ತಲೆ ನೋಯಲಿಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ಮೊದಲ ಸಲ ವೈದ್ಯರನ್ನು ಕೇಳಿಕೊಂಡೇ ಕರೆದೊಯ್ದಿದ್ದೆ.

ಸೋಮವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೇಲೆ ತಲುಪಿ, ಕಾರನ್ನು ಬಾಗಿಲ ಬಳಿಯೇ ನಿಲ್ಲಿಸಿ ನಡೆಯಬೇಕು. ಕಾರಿನಲ್ಲಿ ಸುತ್ತುವವರಿಗೆ ಏನೂ ಕಾಣುವುದಿಲ್ಲ. ಪ್ರತಿ ಸೈಟಿನ ಕಂಬದ ಕ್ಲಿಪ್ಪಿಗೆ ಹಣ ಕಟ್ಟಿದ ಚೀಟಿ ಸಿಕ್ಕಿಸಿರುತ್ತದೆ, ಅದರಲ್ಲಿ ಹೊರಡುವ ದಿನಾಂಕ ಇರುತ್ತದೆ. ಇವತ್ತಿನ ದಿನಾಂಕವಿರುವ ಸೈಟುಗಳನ್ನು ಗುರುತಿಟ್ಟುಕೊಂಡು ಒಂದು ಸುತ್ತು ಮುಗಿಸಿ, ಎರಡನೇ ಸುತ್ತಿನಲ್ಲಿ ಅಲ್ಲಿಯ ಜನರನ್ನು ನೋಡಬೇಕು. ಒಮ್ಮೆ ಇಬ್ಬನಿಗೆ ಅಕ್ಷರ ಹರಡಿದ್ದ ಚೀಟಿಯೊಂದರಲ್ಲಿ ದಿನಾಂಕ ಅರ್ಧ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಒಬ್ಬ ಹಿರಿಯರು ಮೀನಿನ ಗಾಳದ ದಾರ ಸುತ್ತುತ್ತಿದ್ದರು. ಮೇಜಿನ ಹಾಸು ಮಡಿಸಿಯಾಗಿತ್ತು, ಕರಡಿಗೆ ಸಿಗದಂತೆ ಆಹಾರ ಇಡುವ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಒಂದೇ ಒಂದು ಹಾಲಿನ ಡಬ್ಬ. ‘ಇವತ್ತು ಹೊರಡುತ್ತೀರಾ?’ ಎಂದು ಕೇಳಿದೆ. ‘ಕಾಫಿ ಮುಗಿಯಲಿ’ ಎಂದರು. ಅಲ್ಲೇ ಕಲ್ಲಿನ ಮೇಲೆ ಕುಳಿತು ಕಾದೆ. ಹತ್ತೂವರೆಗೆ ಆ ಸೈಟ್ ನಮ್ಮದಾಯಿತು. ನೀರು ಮೂವತ್ತು ಹೆಜ್ಜೆ ದೂರದಲ್ಲಿತ್ತು.

ಇನ್ನೊಬ್ಬರ ಸಾಮಾನು ಇರುವಾಗ ಅಲ್ಲಿ ನಿಮ್ಮ ಕುರ್ಚಿ ಇಟ್ಟು ಜಾಗ ಹಿಡಿಯಬೇಡಿ. ಅದು ನಿಯಮಕ್ಕೂ ಮರ್ಯಾದೆಗೂ ಸಲ್ಲದು. ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವ ಹೋಸ್ಟ್ ಜತೆ ಎರಡು ನಿಮಿಷ ಮಾತಾಡಿ. ಯಾರು ಯಾವಾಗ ಹೊರಡುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಚಿಲ್ಲರೆ ನೋಟು ಕೈಯಲ್ಲಿರಲಿ. ಲಕೋಟೆಗೆ ಹಣ ಹಾಕಿ ಕಬ್ಬಿಣದ ಕೊಳವೆಗೆ ಇಳಿಸುವ ವ್ಯವಸ್ಥೆಯಿರುವಲ್ಲಿ ಇಪ್ಪತ್ತರ ನೋಟುಗಳೇ ಇದ್ದವರು ಹೆಚ್ಚುಹಣ ಕೊಟ್ಟು ಬರುತ್ತಾರೆ.

ನಾವು ಸೈಟಿಗೆ ಕೊಡುತ್ತಿದ್ದುದು ರಾತ್ರಿಗೆ ಮೂವತ್ತು ಡಾಲರಿನ ಆಸುಪಾಸು, ಅದರಲ್ಲೂ ನನ್ನ ಕೈಯಿಂದ ಹೋಗುವುದು ಅರ್ಧ. ಅಪ್ಪನ ಬಳಿ ರಾಷ್ಟ್ರೀಯ ಉದ್ಯಾನ, ಅರಣ್ಯಗಳಿಗೆ ಸರಕಾರ ಕೊಡುವ ಹಿರಿಯ ನಾಗರಿಕರ ಪಾಸ್ ಇದೆ. ಅರವತ್ತೆರಡು ತುಂಬಿದ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳಿಗೆ ಜೀವನಪರ್ಯಂತದ ಪಾಸಿಗೆ 80 ಡಾಲರ್. 2017ರ ಆಗಸ್ಟ್‌ವರೆಗೆ ಬರೀ 10 ಡಾಲರ್ ಇತ್ತು, ನಾವು ತೆಗೆದುಕೊಂಡದ್ದು ಆಮೇಲೆ. ಪಾಸ್ ಇದ್ದವರು ಜತೆಯಲ್ಲಿದ್ದರೆ ಸೈಟಿನ ಬಾಡಿಗೆ ಅರ್ಧವಾಗುತ್ತದೆ, ಲಕೋಟೆಯ ಮೇಲೆ ಪಾಸಿನ ಸಂಖ್ಯೆ ಬರೆದರಾಯಿತು. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಜತೆ ನೆಲೆಸಿರುವ ಎಷ್ಟೋ ತಂದೆ ತಾಯಿಯರಿಗೆ ಈ ವಿಷಯವೇ ಗೊತ್ತಿಲ್ಲ. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಇದು ಸಿಗುವುದಿಲ್ಲ.

ಇನ್ನು ಸೈಟಿನ ಆಯ್ಕೆ. ನೀರಿಗೆ ಅಂಟಿಕೊಂಡ ಮೊದಲ ಸಾಲಿನ ಸೈಟಿಗಾಗಿ ಎಲ್ಲರೂ ಮುಗಿಬೀಳುತ್ತಾರೆ. ನಾನು ಈಗ ಎರಡನೇ ಸಾಲನ್ನೇ ಹುಡುಕುತ್ತೇನೆ, ನೀರಿಗಿಂತ ನಲವತ್ತು ಐವತ್ತು ಅಡಿ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ಇಳಿದು ದಂಡೆಯಲ್ಲೇ ನಿಂತುಬಿಡುತ್ತದೆ. ಇದನ್ನು ಹೆಂಡತಿ ನಂಬಲಿಲ್ಲ. ಹತ್ತು ಡಾಲರಿನ ಎರಡು ಥರ್ಮಾಮೀಟರ್ ತಂದು, ಒಂದನ್ನು ದಂಡೆಯ ಕೊಂಬೆಗೆ, ಇನ್ನೊಂದನ್ನು ಮೇಲಿನ ಸಾಲಿನ ಪೈನ್ ಮರಕ್ಕೆ ಕಟ್ಟಿದೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಐದಾರು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ. ದಂಡೆಯಲ್ಲಿ ಹುಲ್ಲಿನ ಮೇಲೆ ಆಗಸ್ಟ್ ತಿಂಗಳಲ್ಲೇ ಬಿಳಿಯ ಹಿಮ ಕೂತಿತ್ತು, ಮೇಲೆ ನೆಲ ಒಣಗಿತ್ತು. ಟೆಂಟಿನೊಳಗೆ ತೇವ ಹನಿಯುವುದೂ ಮೇಲಿನ ಸಾಲಿನಲ್ಲಿ ಕಡಿಮೆ. ಮಧ್ಯಾಹ್ನ ಎರಡರ ನಂತರ ಸರೋವರದ ಮೇಲಿಂದ ಬೀಸುವ ಗಾಳಿಗೆ ಮೊದಲ ಸಾಲಿನ ಟೆಂಟುಗಳು ಹೇಗೆ ಒದ್ದಾಡುತ್ತವೆ ಎಂದು ನೋಡಿದವರಿಗೇ ಗೊತ್ತು. ನಮ್ಮ ಎಪ್ಪತ್ತು ಡಾಲರಿನ ಮೊದಲ ಟೆಂಟಿನ ಕೋಲು ಮುರಿದದ್ದು ಅಂಥ ಗಾಳಿಗೇ. ಈಗಿರುವುದು ಹಳೆಯ ಸರಕು ಮಾರುವ ಅಂಗಡಿಯಲ್ಲಿ ನೂರನಲವತ್ತಕ್ಕೆ ಸಿಕ್ಕ ಅಲ್ಯೂಮಿನಿಯಂ ಕೋಲಿನ ಟೆಂಟ್. ಇನ್ನೊಂದು ಮಾತು, ಟೆಂಟ್ ಬಿಚ್ಚುವ ಮುನ್ನ ತಲೆಯೆತ್ತಿ ನೋಡಿ. ಒಣಗಿ ನಿಂತ ಮರದ ಕೆಳಗೆ ಎಂಥ ನೋಟವಿದ್ದರೂ ಮಲಗಬಾರದು.

ಹೊಳೆಯ ದಂಡೆಯ ಲೆಕ್ಕ ಬೇರೆ. ಹಗಲಿನ ಬಿಸಿಲಿಗೆ ಮೇಲೆ ಕರಗಿದ ಹಿಮದ ನೀರು ಕೆಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಜೂನ್ ಕೊನೆ, ಜುಲೈ ಮೊದಲ ಭಾಗದಲ್ಲಿ ಬೆಳಿಗ್ಗೆ ಮಕ್ಕಳ ಮೊಣಕಾಲಿಗೂ ಬಾರದ ತೊರೆ ಸಂಜೆಗೆ ಅದೇ ಜಾಗದಲ್ಲಿ ಕಾಲು ಎಳೆಯುವಷ್ಟು ಏರಿರುತ್ತದೆ. ಒಂದು ಕಲ್ಲಿಗೆ ಇದ್ದಿಲಿನಿಂದ ಗೆರೆ ಎಳೆದು ಮಕ್ಕಳಿಗೆ ತೋರಿಸಿದ್ದೆ. ಸಂಜೆ ಗೆರೆ ಮುಳುಗಿತ್ತು. ಅಂದಿನಿಂದ ನೀರಾಟ ಮಧ್ಯಾಹ್ನದ ಊಟಕ್ಕೆ ಮುಂಚೆ ಮಾತ್ರ ಎಂಬ ನಿಯಮವನ್ನು ಅವರೇ ಪಾಲಿಸುತ್ತಾರೆ.

ಅಡುಗೆಯ ವಿಷಯಕ್ಕೆ ಬಂದರೆ, ‘ಕ್ಯಾಂಪಿಗೆ ಕುಕ್ಕರ್ ಯಾಕೆ’ ಎಂದು ಕೇಳಿದವರೆಲ್ಲ ನಮ್ಮ ಹುಳಿ ಅನ್ನ ಉಂಡೇ ಹೋಗಿದ್ದಾರೆ. ಒಂಬತ್ತೂವರೆ ಸಾವಿರ ಅಡಿಯಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಒಂದು ಗಂಟೆ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಕುಕ್ಕರಿನ ಭಾರದ ಒತ್ತಡ ಹೊರಗಿನ ಗಾಳಿಯ ಒತ್ತಡದ ಮೇಲೆ ಸೇರುವುದರಿಂದ, ಹೊರಗಿನದು ಕಡಿಮೆಯಿರುವಲ್ಲಿ ಕುಕ್ಕರಿನೊಳಗಿನ ಬಿಸಿಯೂ ಸ್ವಲ್ಪ ಕಡಿಮೆ. ಮನೆಯಲ್ಲಿ ನಾಲ್ಕು ಕೂಗಿಗೆ ಬೇಯುವ ಬೇಳೆಗೆ ಅಲ್ಲಿ ಏಳೆಂಟು ಕೂಗು ಬೇಕು. ಬೆಳಿಗ್ಗೆಯೇ ನೆನೆಹಾಕಿದರೆ ಐದಾರು ಸಾಕು. ಅನಿಲ ಉಳಿಸಲು ಇನ್ನೊಂದು ಪ್ರಯೋಗ ಮಾಡಿದೆ: ಮೂರು ಕೂಗಾದ ಕೂಡಲೇ ಕುಕ್ಕರನ್ನು ಇಳಿಸಿ, ಹಳೆಯ ಉಣ್ಣೆ ಕಂಬಳಿಯಲ್ಲಿ ಸುತ್ತಿ, ಮಂಜುಗಡ್ಡೆ ಖಾಲಿಯಾದ ಐಸ್ ಪೆಟ್ಟಿಗೆಯೊಳಗೆ ಮುಚ್ಚಿಟ್ಟೆ. ಮುಕ್ಕಾಲು ಗಂಟೆಯ ನಂತರ ತೆಗೆದರೆ ಅನ್ನ ಅರಳಿತ್ತು. ತೊಗರಿಬೇಳೆಗೆ ಇದು ಸಾಲಲಿಲ್ಲ, ಹೆಸರುಬೇಳೆಗೆ ಸಾಕಾಯಿತು. ಐದು ದಿನದ ಅಡುಗೆಗೆ ಒಂದು ಪೌಂಡಿನ ನಾಲ್ಕು ಪ್ರೊಪೇನ್ ಸಿಲಿಂಡರ್ ಬೇಕಾಗಿದ್ದದ್ದು ಎರಡೂವರೆಗೆ ಇಳಿಯಿತು. ಬ್ಯುಟೇನ್ ಡಬ್ಬಿಯ ಚಪ್ಪಟೆ ಸ್ಟೋವ್ ಮನೆಯಲ್ಲೇ ಇರಲಿ. ಸೊನ್ನೆ ಡಿಗ್ರಿಯ ಬೆಳಗಿನಲ್ಲಿ ಬ್ಯುಟೇನ್ ಸರಿಯಾಗಿ ಆವಿಯಾಗುವುದಿಲ್ಲ, ಅದನ್ನು ಒಯ್ದ ಸಲ ಕಾಫಿಗೆ ಪಕ್ಕದ ಟೆಂಟಿನವರೇ ಗತಿಯಾಗಿದ್ದರು. ದೋಸೆ ಹಿಟ್ಟನ್ನು ಆ ಚಳಿಯಲ್ಲಿ ಹುಳಿ ಬರಿಸುವ ಉಪಾಯವೊಂದು ಅಮ್ಮನ ಬಳಿ ಇದೆ. ಬರೆಯಲು ಅವರು ಒಪ್ಪಲಿಲ್ಲ.

ಕರಡಿಯ ಬಗ್ಗೆ ನಮ್ಮವರಿಗೆ ಭಯ ಜಾಸ್ತಿ, ಶಿಸ್ತು ಕಡಿಮೆ. ಅಲ್ಲಿರುವುದು ಕಪ್ಪು ಕರಡಿ. ಗ್ರಿಜ್ಲಿ ಕ್ಯಾಲಿಫೋರ್ನಿಯಾದಿಂದ 1920ರ ದಶಕದಲ್ಲೇ ಮರೆಯಾಯಿತು. ಮನುಷ್ಯರ ತಂಟೆಗೆ ಸುಮ್ಮನೆ ಬರುವ ಪ್ರಾಣಿಯಲ್ಲ, ಆದರೆ ವಾಸನೆಗೆ ಬರುತ್ತದೆ. ಊಟ ಮಾತ್ರವಲ್ಲ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಊದಿನಕಡ್ಡಿ, ಮಕ್ಕಳ ಸೀಟಿನ ಸಂದಿಯ ಬಿಸ್ಕತ್ತಿನ ಪುಡಿ ಎಲ್ಲವೂ ಕಬ್ಬಿಣದ ಪೆಟ್ಟಿಗೆಗೆ ಅಥವಾ ಕಸದ ತೊಟ್ಟಿಗೆ ಹೋಗಬೇಕು. ಒಗ್ಗರಣೆ ಹಾಕಿದ ಬಾಣಲೆಯನ್ನು ರಾತ್ರಿ ಹೊರಗೆ ಬಿಟ್ಟು ಮಲಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ, ತಪ್ಪು ಅದರದ್ದಲ್ಲ. ಪಾತ್ರೆ ತೊಳೆದ ನೀರನ್ನೂ ಹೊಳೆಗೆ ಸುರಿಯಬೇಡಿ.

ಕಾಲದ ಬಗ್ಗೆ ಒಂದಿಷ್ಟು. ಜುಲೈ ಮೊದಲ ಎರಡು ವಾರ ಸೊಳ್ಳೆಗಳ ರಾಜ್ಯ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದ ರಜೆಗೆ ಮುಂಚಿನ ದಿನಗಳು ನನಗೆ ಇಷ್ಟ. ಸಬ್ರೀನಾ ಮತ್ತು ಸೌತ್ ಲೇಕ್ ವಿದ್ಯುತ್ತಿಗಾಗಿ ಅಣೆಕಟ್ಟು ಹಾಕಿದ ಸರೋವರಗಳಾದ್ದರಿಂದ ಬೇಸಿಗೆ ಕಳೆದಂತೆ ನೀರು ಇಳಿದು ದಂಡೆಯ ಕಲ್ಲುಗಳು ಬಯಲಾಗುತ್ತವೆ. ತುಂಬಿದ ಸರೋವರವೇ ಬೇಕೆನ್ನುವವರು ಮೊದಲೇ ಹೋಗಬೇಕು. ನಮ್ಮ ಕಡೆಯಿಂದ ಹತ್ತಿರದ ದಾರಿ ಬೆಟ್ಟಸಾಲನ್ನು ದಾಟುವ ಟಯೋಗ ಘಟ್ಟದ್ದು, 9,943 ಅಡಿ ಎತ್ತರ. ಅದು ಯಾವಾಗ ತೆರೆಯುತ್ತದೆ ಎಂಬುದು ಹಿಮದ ಕೈಯಲ್ಲಿದೆ. 2023ರಲ್ಲಿ ತೆರೆದದ್ದು ಜುಲೈ 22ಕ್ಕೆ. ಯೊಸೆಮಿಟಿಯನ್ನು ದಾಟಿ ಹೋಗುವ ರಸ್ತೆಯಾದ್ದರಿಂದ ಕೆಲವು ವರ್ಷ ಅದಕ್ಕೂ ಮುಂಗಡ ಪರವಾನಗಿ ಕೇಳಿದ್ದಾರೆ.

ಜೂನ್ ಲೇಕ್ ಕಡೆ ಹೋದ ವರ್ಷ ಮಗನಿಗೆ ಒಂದು ವಿಚಿತ್ರ ಸಿಕ್ಕಿತು. ಅಲ್ಲಿನ ರಿವರ್ಸ್ಡ್ ಕ್ರೀಕ್ ಬೆಟ್ಟದಿಂದ ಬಯಲಿಗೆ ಹರಿಯುವ ಬದಲು ಬೆಟ್ಟದ ಕಡೆಗೇ ಹರಿಯುತ್ತದೆ. ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಅದಕ್ಕೆ ಅಡ್ಡ ನಿಂತಿದೆ. ಅವನು ಒಂದು ಎಲೆ ತೇಲಿಬಿಟ್ಟು ಅದರ ಹಿಂದೆಯೇ ಅರ್ಧ ಗಂಟೆ ನಡೆದ.

ನಮ್ಮ ಆರು ಜನರ ಐದು ರಾತ್ರಿಗೆ ಪೆಟ್ರೋಲ್, ಸೈಟ್, ಅನಿಲ, ಮಂಜುಗಡ್ಡೆ ಎಲ್ಲ ಸೇರಿ ಮುನ್ನೂರು ಡಾಲರಿನ ಒಳಗೆ ಮುಗಿದಿದೆ, ದಿನಸಿ ಬಿಟ್ಟು. ಮೋಟೆಲಿನ ಎರಡು ರಾತ್ರಿಗೆ ಇದಕ್ಕಿಂತ ಹೆಚ್ಚಾಗುತ್ತಿತ್ತು. ಸೈಟ್ ಸಿಗದ ಸೋಮವಾರಕ್ಕೆಂದು ನನ್ನ ಬಳಿ ಇನ್ನೊಂದು ಕ್ಯಾಂಪ್‌ಗ್ರೌಂಡ್ ಇದೆ. ಹತ್ತಕ್ಕೂ ಕಡಿಮೆ ಸೈಟುಗಳು, ಹೊಳೆ ಬದಿಯಲ್ಲೇ, ಕಚ್ಚಾ ರಸ್ತೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಕ್ಷೆಯಲ್ಲಿ ಹೊಳೆಗಳ ಗುಂಟ ಬೆರಳಾಡಿಸಿದರೆ ನಿಮಗೂ ಅಂಥದ್ದೊಂದು ಸಿಗುತ್ತದೆ. ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಸೈಟ್ ಗುಡಿಸಿ, ಒಲೆಯ ಬೂದಿಗೆ ಕೈಯಿಟ್ಟು ತಣ್ಣಗಿದೆ ಎಂದು ಖಾತ್ರಿಯಾಗುವವರೆಗೂ ನೀರು ಸುರಿದು ಹೊರಡುತ್ತೇವೆ. ಅಷ್ಟು ಹೊತ್ತಿಗೆ ವಾರಾಂತ್ಯದ ಮೊದಲ ಕಾರು ನಮ್ಮ ಕಂಬದ ಚೀಟಿ ಓದುತ್ತಾ ನಿಂತಿರುತ್ತದೆ.