ಮೊಳಕೆ ರಾಗಿ ಹಿಟ್ಟು ಮನೆಯಲ್ಲೇ ಮಾಡಿಕೊಳ್ಳಿ

ಕೋಲಾರದಲ್ಲಿ ರಾಗಿಗೇನು ಬರವೇ? ಆದರೂ ಮಕ್ಕಳಿಗೆ ಶಕ್ತಿ ಬರಲಿ ಅಂತ ನೂರಾರು ರೂಪಾಯಿ ಕೊಟ್ಟು ಮಾಲ್ಟ್ ಡಬ್ಬಿ ತರುವವರು ಬೇಕಾದಷ್ಟು ಜನ ಇದ್ದಾರೆ. ತರುವ ಮುಂಚೆ ಡಬ್ಬಿಯ ಹಿಂದಿನ ಪಟ್ಟಿ ಓದಿ. ಯಾವುದರ ತೂಕ ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು ಅನ್ನುವುದು ನಿಯಮ. ಸಕ್ಕರೆ ಮೊದಲ ಎರಡು ಹೆಸರಿನೊಳಗೆ ಇದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ 120ರ ಆಸುಪಾಸು. ಮೊಳಕೆ ಬರಿಸಿದರೆ ರಾಗಿಯ ಸತ್ವ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಎರಡು ಕೆಜಿ ರಾಗಿ ತಗೊಳ್ಳಿ. ರೇಷನ್ ರಾಗಿಯೇ ಸಾಕು, ಹುಳು ಹಿಡಿದಿರಬಾರದು ಅಷ್ಟೇ. ಮೊರದಲ್ಲಿ ಕೇರಿ, ನೀರಿನಲ್ಲಿ ಆಡಿಸುತ್ತಾ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಕಲ್ಲು ತಳದಲ್ಲೇ ಉಳಿಯುತ್ತದೆ. ರಾತ್ರಿಯೆಲ್ಲಾ ನೆನೆಯಲಿ.

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿಂದ ಮುಂದೆ. ನೆನೆದ ರಾಗಿಯನ್ನು ನೀರು ಸೋರುತ್ತಿರುವಾಗಲೇ ಗಂಟು ಕಟ್ಟಿಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ, ಕೈಗೆ ಲೋಳೆ. ಜರಡಿಯಲ್ಲಿ ಹಾಕಿ ಕನಿಷ್ಠ ಅರ್ಧ ಗಂಟೆ ಸೋರಲು ಬಿಡಿ. ಹಿಡಿಯಲ್ಲಿ ಹಿಂಡಿದರೆ ಹನಿ ಬೀಳಬಾರದು. ಆಮೇಲೆ ತೊಳೆದ ಹಳೇ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ, ಪಾಲಿಯೆಸ್ಟರ್ ಸೀರೆ ಬೇಡವೇ ಬೇಡ, ಗಾಳಿ ಆಡುವುದಿಲ್ಲ. ಮೊಳೆಯುವಾಗ ಗಂಟಿನ ನಡುವೆ ಬಿಸಿ ಏರುತ್ತದೆ. ಹಾಗಾಗಿ ಏಳೆಂಟು ಗಂಟೆಗೊಮ್ಮೆ ಬಿಚ್ಚಿ ಒಳಗಿನ ರಾಗಿಯನ್ನು ಹೊರಕ್ಕೆ ತಿರುವಿ. ಒಣಗಿದೆ ಅನ್ನಿಸಿದರೆ ಮಾತ್ರ ಕೈಯಲ್ಲಿ ನೀರು ಚಿಮುಕಿಸಿ. ಒಂದು, ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಚಳಿಗಾಲದಲ್ಲಿ ಎರಡು ದಿನವೂ ಹಿಡಿಯಬಹುದು. ಮೊಳಕೆ ಕಾಳಿನಷ್ಟುದ್ದ ಆದರೆ ಸಾಕು, ಇನ್ನೂ ಬೆಳೆಯಲಿ ಅಂತ ಕಾಯಬೇಡಿ. ಬೂಷ್ಟು ಕಂಡರೆ ಮೇಲಿನದ್ದು ತೆಗೆದು ಉಳಿದದ್ದು ಬಳಸುತ್ತೇನೆ ಅನ್ನಬೇಡಿ, ಪೂರ್ತಿ ಎಸೆಯಿರಿ.

ತೆಳ್ಳಗೆ ಹರವಿ ಬಿಸಿಲಿನಲ್ಲಿ ಒಣಗಿಸಿ. ಹಲ್ಲಲ್ಲಿ ಕಚ್ಚಿದರೆ ಕಟಕ್ ಅನ್ನಬೇಕು. ಕೈಯಲ್ಲಿ ಉಜ್ಜಿ, ಉದುರಿದ ಬೇರನ್ನು ಮೊರದಲ್ಲಿ ಹಾರಿಸಿ.

ಹುರಿಯುವಾಗ ಉರಿ ಸಣ್ಣದಿರಲಿ, ಘಮ ಬಂದ ತಕ್ಷಣ ಇಳಿಸಿ. ಗಂಜಿ ತೆಳುವಾಗುವುದು ಮೊಳಕೆಯಲ್ಲಿ ಹುಟ್ಟುವ ಕಿಣ್ವದಿಂದ. ಜಾಸ್ತಿ ಹುರಿದರೆ ಅದು ಸತ್ತುಹೋಗುತ್ತದೆ. ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ, ನಿಲ್ಲುವುದಿಲ್ಲ. ಮಿಲ್‌ನಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ಹಾಕಿಸಬೇಡಿ. ದೊಡ್ಡವರಿಗಾದರೆ ಹಿಟ್ಟು ಜರಡಿ ಹಿಡಿಯುವುದೂ ಬೇಡ, ನಾರೆಲ್ಲ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ.

ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಬಿಟ್ಟು ಐದು ನಿಮಿಷ ತಿರುವಿ. ಸಕ್ಕರೆ ಯಾಕೆ? ಆರಿದ ಮೇಲೆ ಉಪ್ಪು, ಮಜ್ಜಿಗೆ, ಒಂದಿಷ್ಟು ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ. ಅದರ ಹಿಂದೆಯೇ ಕಾಫಿ, ಟೀ ಮಾತ್ರ ಬೇಡ. ಅವು ರಾಗಿಯ ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ.