ಗುಂಡನ ತುರಿಕೆಯ ಲೆಕ್ಕಪುಸ್ತಕ

ರಾತ್ರಿ ಎರಡು ಗಂಟೆಗೆ ಕುತ್ತಿಗೆಪಟ್ಟಿಯ ಬಿಲ್ಲೆ ಟಿಣಿಟಿಣಿ ಎಂದರೆ ಇವತ್ತಿಗೂ ನನಗೆ ತಟ್ಟನೆ ಎಚ್ಚರವಾಗುತ್ತದೆ. ನಮ್ಮ ನಾಯಿ ಗುಂಡ ಹಿಂಗಾಲೆತ್ತಿ ಕೆರೆದುಕೊಳ್ಳುತ್ತಿದ್ದಾನೆ ಎಂದರ್ಥ. ಅವನಿಗೆ ಎರಡು ವರ್ಷ ತುಂಬಿದ ಹೊತ್ತಿನಲ್ಲಿ ಆ ಸದ್ದು ರಾತ್ರಿಗೆ ಏಳೆಂಟು ಸಲ ಕೇಳುತ್ತಿತ್ತು. ಕೆರೆತ ನಿಂತರೆ ಪಾದ ನೆಕ್ಕುವ ಚಪಚಪ ಶುರುವಾಗುತ್ತಿತ್ತು. ನಸುಕಂದು ಬಣ್ಣದ ನಾಯಿ ಅವನು. ಬೆರಳ ಸಂದಿಯ ಕೂದಲು ಮಾತ್ರ ತುಕ್ಕು ಹಿಡಿದಂತೆ ಕೆಂಪಾಗಿತ್ತು. ಅದು ಎಂಜಲಿನ ಬಣ್ಣ ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಒಂದೇ ವಾರದಲ್ಲಿ ಅವನ ಆಹಾರ ಬದಲಿಸಿದೆ, ನಾನು ಬಳಸುವ ಶಾಂಪೂವಿನಲ್ಲೇ ದಿನ ಬಿಟ್ಟು ದಿನ ಸ್ನಾನ ಮಾಡಿಸಿದೆ, ಮನೆಯಲ್ಲಿದ್ದ ಮುಲಾಮನ್ನು ಹೊಟ್ಟೆಗೆ ಸವರಿದೆ. ಮುಲಾಮನ್ನು ಅವನು ಐದೇ ನಿಮಿಷದಲ್ಲಿ ನೆಕ್ಕಿ ಮುಗಿಸಿದ. ಅದರಲ್ಲಿ ಜಿಂಕ್ ಆಕ್ಸೈಡ್ ಇರಲಿಲ್ಲ ಎಂಬುದು ನನ್ನ ಅದೃಷ್ಟ. ಅದು ನಾಯಿಯ ಹೊಟ್ಟೆಗೆ ಹೋದರೆ ವಿಷ. ಇನ್ನು ಶಾಂಪೂ. ನಮ್ಮ ಚರ್ಮದ ಹೊರಪದರದಲ್ಲಿ ಹತ್ತು ಹದಿನೈದು ಸಾಲು ಜೀವಕೋಶಗಳಿದ್ದರೆ ನಾಯಿಗೆ ಇರುವುದು ಮೂರರಿಂದ ಐದು. ನಮ್ಮ ಚರ್ಮದಲ್ಲಿ ಆಮ್ಲೀಯತೆ ಹೆಚ್ಚು, ಅದರದ್ದು ತಟಸ್ಥಕ್ಕೆ ಹತ್ತಿರ. ನನ್ನ ತಲೆಗೆ ಹಿತವಾದದ್ದು ಅವನ ಮೈಯನ್ನು ಒಣಗಿಸಿ ಹೊಟ್ಟು ಏಳಿಸಿತು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಮೂರನ್ನೂ ಒಟ್ಟಿಗೆ ಮಾಡಿದ್ದು. ಅದರಿಂದ ಯಾವುದು ಏನು ಮಾಡಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಪಶುವೈದ್ಯೆ ಮೈ ಮುಟ್ಟುವ ಮೊದಲೇ ಎರಡು ಪ್ರಶ್ನೆ ಕೇಳಿದರು. ‘ಮೊದಲು ತುರಿಕೆ ಬಂತೋ, ಗುಳ್ಳೆ ಬಂತೋ?’ ನನಗೆ ನೆನಪಿರಲಿಲ್ಲ. ‘ಎಲ್ಲೆಲ್ಲಿ ಕೆರೆದುಕೊಳ್ಳುತ್ತಾನೆ?’ ಎಲ್ಲ ಕಡೆ ಎಂದೆ. ‘ಎಲ್ಲ ಕಡೆ ಅನ್ನುವುದು ಉತ್ತರವಲ್ಲ. ಒಂದು ವಾರ ನೋಡಿ ಬರೆದುಕೊಂಡು ಬನ್ನಿ’ ಎಂದರು. ಸ್ವಲ್ಪ ಕೋಪವೇ ಬಂತು. ಆದರೂ ಹಾಳೆಯ ಮೇಲೆ ನಾಯಿಯ ಚಿತ್ರ ಗೀಚಿ (ಹಂದಿಯಂತೆ ಕಂಡಿತು, ಇರಲಿ) ಅವನು ಕೆರೆದ, ಕಚ್ಚಿದ, ನೆಕ್ಕಿದ, ಗೋಡೆಗೆ ಉಜ್ಜಿದ ಜಾಗಗಳಿಗೆಲ್ಲ ಚುಕ್ಕೆ ಇಟ್ಟೆ. ದಿನದ ಕೊನೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಸೊನ್ನೆಯೆಂದರೆ ತುರಿಕೆಯೇ ಇಲ್ಲ. ಹತ್ತೆಂದರೆ ಊಟ, ಆಟ, ನಿದ್ದೆ ಬಿಟ್ಟು ಕೆರೆತವೊಂದೇ. ಮೊದಲ ವಾರದ ಸರಾಸರಿ ಎಂಟು.

ವಾರದ ಕೊನೆಗೆ ಚುಕ್ಕೆಗಳು ಮೂರು ಕಡೆ ಗುಂಪುಗೂಡಿದ್ದವು: ಬಾಲದ ಬುಡ ಮತ್ತು ತೊಡೆಯ ಹಿಂಬದಿ, ನಾಲ್ಕೂ ಪಾದ, ಕಿವಿ ಮತ್ತು ಕಂಕುಳು. ಬಾಲದ ಬುಡ ಕಂಡ ಕೂಡಲೇ ವೈದ್ಯೆ ‘ಚಿಗಟ’ ಎಂದರು. ನಮ್ಮ ಮನೆಯಲ್ಲಿ ಒಂದೇ ಒಂದು ಚಿಗಟವನ್ನೂ ಕಂಡಿಲ್ಲ ಎಂದು ನಾನು ವಾದಿಸಿದೆ. ಅವರು ಒತ್ತುಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕರಿ ಹರಳುಗಳನ್ನು ಒದ್ದೆ ಬಿಳಿ ಕಾಗದದ ಮೇಲೆ ಕೊಡವಿದರು. ಅರೆ ನಿಮಿಷದಲ್ಲಿ ಪ್ರತಿ ಹರಳಿನ ಸುತ್ತ ಕೆಂಗಂದು ಬಣ್ಣ ಹರಡಿತು. ಬರಿಯ ಮಣ್ಣಾಗಿದ್ದರೆ ಹಾಗಾಗುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ನಾನು ತೆಪ್ಪಗಾದೆ.

ಚಿಗಟದ ಅಲರ್ಜಿ ಇರುವ ನಾಯಿಗೆ ತೊಂದರೆ ಕೊಡುವುದು ಚಿಗಟದ ಜೊಲ್ಲು. ನಾಲ್ಕೈದು ಕಚ್ಚಿದರೂ ಸಾಕು, ವಾರಗಟ್ಟಲೆ ಕೆರೆತ. ಅಂಥ ನಾಯಿ ಕಚ್ಚಿ ನೆಕ್ಕಿ ಚಿಗಟಗಳನ್ನು ನುಂಗಿಬಿಡುವುದರಿಂದ ಮೈಮೇಲೆ ಹುಡುಕಿದರೂ ಸಿಗುವುದಿಲ್ಲ. ಅಲ್ಲದೆ, ಮನೆಯಲ್ಲಿರುವ ಒಟ್ಟು ಸಂತತಿಯಲ್ಲಿ ಪ್ರಾಣಿಯ ಮೈಮೇಲೆ ಇರುವ ಬಲಿತ ಚಿಗಟಗಳು ಸುಮಾರು ಶೇ. 5 ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಹಾಸಿಗೆ, ಚಾಪೆ, ನೆಲದ ಬಿರುಕುಗಳಲ್ಲಿ ಅಡಗಿರುತ್ತದೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಅದಕ್ಕೇ ಔಷಧಿ ಹಾಕಿದ ಮೂರನೇ ವಾರ ಮತ್ತೆ ಚಿಗಟ ಕಂಡಾಗ ಔಷಧಿ ಕೆಲಸ ಮಾಡಲಿಲ್ಲವೆಂದು ಎಸೆಯಬಾರದು. ಅವು ಹೊಸದಾಗಿ ಗೂಡು ಬಿಟ್ಟು ಬಂದವು. ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು.

ನಮ್ಮಲ್ಲಿ ಮೂಲ ಎಲ್ಲಿತ್ತೆಂದರೆ ಬೆಕ್ಕಿನಲ್ಲಿ. ಅದು ಒಂದು ದಿನವೂ ಕೆರೆದುಕೊಂಡದ್ದಿಲ್ಲ. ಸೋಫಾ ಮೇಲೆ ಮಹಾರಾಣಿಯಂತೆ ಮಲಗಿ ಚಿಗಟ ಸಾಕುತ್ತಿತ್ತು. ನಾಯಿಗಳ ಮೇಲೆ ಸಾಮಾನ್ಯವಾಗಿ ಸಿಗುವ ಚಿಗಟವೂ ಬೆಕ್ಕಿನ ಚಿಗಟವೆಂದೇ ಕರೆಯುವ ಜಾತಿಯದು. ಚಿಗಟ ಕೊಲ್ಲಲು ಬೆನ್ನಿನ ಮೇಲೆ ಬಿಡುವ, ನಾಯಿಗೆ ತಂದ ಹನಿ ಔಷಧಿಯನ್ನೇ ಅರ್ಧ ಮಾಡಿ ಬೆಕ್ಕಿಗೂ ಹಾಕೋಣವೆಂದು ಡಬ್ಬಿ ಕೈಗೆತ್ತಿಕೊಂಡಿದ್ದೆ. ಹಿಂಬದಿ ಓದಿದ್ದರಿಂದ ಬೆಕ್ಕು ಬದುಕಿತು. ನಾಯಿಗೆಂದು ಮಾಡಿದ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕು ಅದರಿಂದ ನಡುಕ ಬಂದು ಸಾಯಬಹುದು. ಬೆಕ್ಕಿಗೆ ಬೆಕ್ಕಿನದೇ ಔಷಧಿ ತಂದೆ. ಗುಂಡನಿಗೆ ತಿಂಗಳಿಗೊಂದು ಚಿಗಟದ ಮಾತ್ರೆ. ಹಾಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದೆ, ನೆಲಕ್ಕೆ ದಿನ ಬಿಟ್ಟು ದಿನ ವ್ಯಾಕ್ಯೂಮ್ ಹಿಡಿದೆ. ಅದರ ಅದುರಿಗೆ ಗೂಡಿನ ಚಿಗಟಗಳು ಹೊರಬೀಳುತ್ತವೆ, ಬಿದ್ದರೆ ಔಷಧಿ ಹಾಕಿದ ಮೈಗೆ ಹತ್ತಿ ಸಾಯುತ್ತವೆ.

ಎರಡು ತಿಂಗಳಿಗೆ ಬಾಲದ ಬುಡದ ಚುಕ್ಕೆಗಳು ಮಾಯವಾದವು. ಅಂಕ ಎಂಟರಿಂದ ಆರಕ್ಕೆ ಇಳಿಯಿತು. ಆರಕ್ಕೆ, ಅಷ್ಟೇ. ಆಗ ನನಗೆ ಹೊಳೆದದ್ದು: ಗುಂಡ ನಾಲ್ಕು ಕಡೆ ಕೈಸಾಲ ಮಾಡಿದವನ ಹಾಗಿದ್ದಾನೆ. ಒಬ್ಬನದು ತೀರಿದರೆ ಬಾಗಿಲು ಬಡಿಯುವವರು ಮೂವರಾಗುತ್ತಾರೆ, ನಿದ್ದೆ ಬರುವುದಿಲ್ಲ.

ಎರಡನೆಯವನು ವಾಸನೆಯಿಂದ ಸಿಕ್ಕಿಬಿದ್ದ. ಗುಂಡನ ಪಾದಕ್ಕೂ ಕಿವಿಗೂ ಹುಳಿ ಬಂದ ಹಿಟ್ಟಿನಂಥ ವಾಸನೆ ಇತ್ತು, ಕಂಕುಳ ಚರ್ಮ ಜಿಡ್ಡುಜಿಡ್ಡಾಗಿ ಆನೆಯ ಚರ್ಮದಂತೆ ದಪ್ಪಗಾಗಿತ್ತು. ನಾಯಿಯೆಂದರೆ ನಾಯಿಯ ವಾಸನೆ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ವೈದ್ಯೆ ಪಾರದರ್ಶಕ ಅಂಟುಪಟ್ಟಿಯನ್ನು ಬೆರಳ ಸಂದಿಗೆ ಒತ್ತಿ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕಡಲೆಕಾಯಿಯ ಆಕಾರದ ಯೀಸ್ಟ್ ಕಣಗಳು, ನಡುವೆ ದುಂಡು ಬ್ಯಾಕ್ಟೀರಿಯಾಗಳ ಗೊಂಚಲು. ಮಲಸೇಜಿಯಾ ಎಂಬ ಈ ಯೀಸ್ಟ್ ಆರೋಗ್ಯವಂತ ನಾಯಿಯ ಮೈಮೇಲೂ ಇರುತ್ತದೆ. ಅಲರ್ಜಿಯಿಂದ ಚರ್ಮ ಕಂಗೆಟ್ಟಾಗ ಬೆಚ್ಚಗಿನ, ತೇವದ ಜಾಗದಲ್ಲಿ ಮಿತಿಮೀರಿ ಬೆಳೆದು, ತಾನೇ ಇನ್ನಷ್ಟು ತುರಿಕೆ ತರಿಸುತ್ತದೆ.

ಇಲ್ಲಿ ಗೆದ್ದದ್ದು ಶಾಂಪೂ, ಈ ಸಲ ಸರಿಯಾದದ್ದು: ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮತ್ತು ಯೀಸ್ಟ್ ಅಡಗಿಸುವ ಮೈಕೊನಜೋಲ್ ಇರುವ, ನಾಯಿಗಾಗಿಯೇ ಮಾಡಿದ ಶಾಂಪೂ, ವಾರಕ್ಕೆ ಎರಡು ಸಲ, ನಾಲ್ಕು ವಾರ. ಶಾಂಪೂವಿನ ಗುಣಕ್ಕಿಂತ ಅದು ಮೈಮೇಲೆ ನಿಲ್ಲುವ ಹೊತ್ತು ಮುಖ್ಯ. ಹಚ್ಚಿ ಹತ್ತು ನಿಮಿಷ ಬಿಡಬೇಕು. ನೊರೆ ಮೆತ್ತಿದ ನಾಯಿಯೊಂದಿಗೆ ಹತ್ತು ನಿಮಿಷ ಎಂದರೆ ಎಷ್ಟು ಉದ್ದವೆಂದು ಅನುಭವಿಸಿದವರಿಗೇ ಗೊತ್ತು. ಮೊದಲ ದಿನ ಮೂರು ನಿಮಿಷಕ್ಕೇ ಅವನು ಮೈ ಕೊಡವಿ ನನ್ನನ್ನೂ ಗೋಡೆಯನ್ನೂ ತೋಯಿಸಿ ಓಡಿದ. ಆಮೇಲೆ ಒಂದು ಉಪಾಯ ಕಂಡುಕೊಂಡೆ: ಕೆರೆತ ಹೆಚ್ಚಿರುವ ಪಾದ, ಕಂಕುಳು, ಹೊಟ್ಟೆಗೆ ಮೊದಲು ಹಚ್ಚುವುದು, ಮೊಬೈಲಿನಲ್ಲಿ ಹತ್ತು ನಿಮಿಷ ಇಡುವುದು, ಆಮೇಲೆ ಉಳಿದ ಮೈಯನ್ನು ನಿಧಾನಕ್ಕೆ ಉಜ್ಜುವುದು. ಉಜ್ಜುತ್ತಿರುವಷ್ಟು ಹೊತ್ತು ಅವನು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನೀರು ಉಗುರುಬೆಚ್ಚಗಿಂತ ಬಿಸಿ ಇರಕೂಡದು. ಬಿಸಿ ತಗುಲಿದರೆ ತುರಿಕೆ ಕೆರಳುತ್ತದೆ. ಕೊನೆಗೆ ಬೆರಳ ಸಂದಿಗಳನ್ನು ಒಂದೊಂದಾಗಿ ಒಣಬಟ್ಟೆಯಲ್ಲಿ ಒತ್ತಬೇಕು. ತೇವ ಉಳಿದರೆ ಅಷ್ಟೂ ಶ್ರಮ ಯೀಸ್ಟ್ ಪಾಲು.

ಕಿವಿಗೆ ಮಾತ್ರ ನಾನೇನೂ ಹಾಕಲಿಲ್ಲ. ತಮಟೆ ಹರಿದಿಲ್ಲವೆಂದು ವೈದ್ಯೆ ಒಳಗಿಣುಕಿ ಖಚಿತಪಡಿಸಿಕೊಂಡ ಮೇಲೆಯೇ ಔಷಧಿ ಬಂತು. ಹತ್ತಿಕಡ್ಡಿಯನ್ನು ಆ ದಿನವೇ ಎಸೆದೆ; ಅದು ಕೊಳೆಯನ್ನು ಒಳಕ್ಕೇ ತಳ್ಳುತ್ತದೆ.

ನಾಲ್ಕು ವಾರಕ್ಕೆ ವಾಸನೆ ಹೋಯಿತು, ಅಂಕ ನಾಲ್ಕಕ್ಕೆ ಬಂತು. ಈ ನಡುವೆ ಒಂದು ಅಡ್ಡಕಥೆ. ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ತಂದು ಇಟ್ಟುಕೊಂಡಿದ್ದೆ. ಅದರ ಕಿವಿಯಂಚು, ಮೊಣಕೈಗಳಲ್ಲಿ ಕೂದಲು ಉದುರಿ ಹಕ್ಕಳೆ ಕಟ್ಟಿತ್ತು. ಕಿವಿಯಂಚನ್ನು ಬೆರಳಲ್ಲಿ ಉಜ್ಜಿದರೆ ಹಿಂಗಾಲು ತಾನಾಗಿ ಕೆರೆಯುವಂತೆ ಆಡುತ್ತಿತ್ತು. ಕಜ್ಜಿಯ ನುಸಿ ಎಂದು ಅನುಮಾನಿಸಲು ಅಷ್ಟು ಸಾಕು. ಚರ್ಮ ಕೆರೆದು ನೋಡಿದರೆ ಈ ನುಸಿ ಹಲವು ಸಲ ಸಿಗುವುದಿಲ್ಲ; ಅದಕ್ಕೇ ವೈದ್ಯೆ ಸಿಗದಿದ್ದರೂ ಮದ್ದು ಕೊಟ್ಟರು. ಮೂರನೇ ದಿನ ನನ್ನ ಮುಂಗೈ ತುಂಬ ಕೆಂಪು ಗುಳ್ಳೆ. ನಾಯಿಯ ನುಸಿ ಮನುಷ್ಯನ ಮೈಮೇಲೆ ಸಂತತಿ ಬೆಳೆಸಲಾರದು, ಆದರೆ ಕೆಲವು ದಿನ ಚೆನ್ನಾಗಿಯೇ ಕೆರೆಯಿಸುತ್ತದೆ. ಮರಿ ಮೂರು ವಾರದಲ್ಲಿ ಗುಣವಾಗಿ ಬೇರೆ ಮನೆ ಸೇರಿತು. ಚಿಗಟಕ್ಕೆಂದು ಕೊಡುತ್ತಿದ್ದ ಮಾತ್ರೆಯೇ ಈ ನುಸಿಯನ್ನೂ ಕೊಲ್ಲುವಂಥದ್ದಾಗಿದ್ದರಿಂದ ಗುಂಡನಿಗೆ ಹತ್ತಲಿಲ್ಲ.

ಮೂರನೆಯ ಅನುಮಾನ ಆಹಾರ. ಎಲ್ಲರೂ ಇಲ್ಲಿಂದ ಶುರು ಮಾಡುತ್ತಾರೆ, ನಾನೂ ಹಾಗೆಯೇ ಮಾಡಿದ್ದೆ. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಒಂದು ಚೀಲ ಬಿಟ್ಟು ಇನ್ನೊಂದು ಚೀಲ ತಂದರೆ ಇವು ತಪ್ಪುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ರಕ್ತ ಅಥವಾ ಜೊಲ್ಲು ಪರೀಕ್ಷೆಯಿಂದ ಇದನ್ನು ನಂಬಿಕೆಯಿಂದ ಹೇಳಲಾಗದು. ಇರುವುದು ಒಂದೇ ದಾರಿ: ಪ್ರೋಟೀನನ್ನು ಚೂರುಚೂರಾಗಿ ಒಡೆದು ಮಾಡಿದ ವಿಶೇಷ ಆಹಾರವನ್ನೋ, ಅವನು ಹುಟ್ಟಿದಾಗಿನಿಂದ ತಿನ್ನದ ಒಂದು ಮಾಂಸವನ್ನೋ ಎಂಟು ವಾರ ಕೊಡುವುದು, ಬೇರೆ ಏನೂ ಕೊಡದಿರುವುದು. ಈ ‘ಏನೂ’ ಎಂಬ ಪದದಲ್ಲೇ ನಾನು ಸೋತೆ. ಐದನೇ ವಾರ ಮನೆಗೆ ಬಂದವರೊಬ್ಬರು ಪಾಪವೆಂದು ಬಿಸ್ಕತ್ತು ಕೊಟ್ಟರು. ಅದಕ್ಕೂ ಮೊದಲು ನಾನೇ ಮಾಂಸದ ರುಚಿ ಬೆರೆಸಿದ ಜಂತುಹುಳುವಿನ ಮಾತ್ರೆ ಕೊಟ್ಟಿದ್ದೆ. ಅದೂ ಆಹಾರವೇ ಎಂದು ತಲೆಗೆ ಹೋಗಿರಲಿಲ್ಲ. ಮತ್ತೆ ಒಂದನೇ ವಾರದಿಂದ ಶುರು. ಅವನ ಕುತ್ತಿಗೆಗೆ ‘ನನಗೆ ಏನೂ ಕೊಡಬೇಡಿ’ ಎಂಬ ಚೀಟಿ ಕಟ್ಟಿದೆ.

ಎಂಟು ವಾರ ಮುಗಿದಾಗ ಅಂಕ ನಾಲ್ಕೇ. ಇಷ್ಟು ಕಷ್ಟಪಟ್ಟದ್ದಕ್ಕೆ ‘ಅಲ್ಲ’ ಎಂಬ ಉತ್ತರ ಸಿಕ್ಕಿತು. ಬೇಸರವಾಯಿತು, ನಿಜ. ಆದರೆ ಅಲ್ಲಿಂದ ಮುಂದೆ ಅವನ ತಟ್ಟೆಯನ್ನು ನಾನು ಅನುಮಾನದಿಂದ ನೋಡಿಲ್ಲ.

ಉಳಿದದ್ದು ಅಟೋಪಿ: ಧೂಳುನುಸಿ, ಪರಾಗ, ಬೂಷ್ಟಿನಂಥ ಪರಿಸರದ ವಸ್ತುಗಳಿಗೆ ಅಲರ್ಜಿ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆಗಳನ್ನು ಹಿಡಿಯುತ್ತದೆ. ಇದಕ್ಕೆ ಹೌದು ಅಲ್ಲ ಎನ್ನುವ ಪರೀಕ್ಷೆಯಿಲ್ಲ. ಉಳಿದವನ್ನೆಲ್ಲ ತಳ್ಳಿಹಾಕಿದ ಮೇಲೆ ನಿಲ್ಲುವುದು ಇದು. ಬದುಕಿರುವಷ್ಟು ದಿನ ಇರುತ್ತದೆ ಎಂದಾಗ ನನಗೆ ಗಂಟಲು ಕಟ್ಟಿತು.

ಮದ್ದಿನ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದು ವೈದ್ಯರು ನೋಡಿ ಹೇಳಬೇಕಾದದ್ದು. ತುರಿಕೆ ತಡೆಯಲಾರದಷ್ಟಿದ್ದ ಮೊದಲ ವಾರಗಳಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದರು. ಎರಡೇ ದಿನಕ್ಕೆ ಕೆರೆತ ನಿಂತಿತು, ಆದರೆ ಬಟ್ಟಲುಗಟ್ಟಲೆ ನೀರು ಕುಡಿದು ರಾತ್ರಿ ಮೂರು ಸಲ ಉಚ್ಚೆಗೆ ಎಬ್ಬಿಸಿದ. ಬಿಟ್ಟ ವಾರಕ್ಕೆ ಕೆರೆತ ಮರಳಿತು. ಆಮೇಲೆ ತುರಿಕೆ ತಗ್ಗಿಸುವ ಒಕ್ಲಾಸಿಟಿನಿಬ್ ಮಾತ್ರೆ, ಕೊನೆಗೆ ತಿಂಗಳಿಗೊಮ್ಮೆ ಕೊಡುವ ಲೋಕಿವೆಟ್‌ಮ್ಯಾಬ್ ಚುಚ್ಚುಮದ್ದು. ಇದು ತುರಿಕೆಯ ಸುದ್ದಿಯನ್ನು ನರಗಳಿಗೆ ಮುಟ್ಟಿಸುವ ಒಂದು ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ. ಗುಂಡನಿಗೆ ಒಗ್ಗಿತು. ಮೀನೆಣ್ಣೆಯನ್ನೂ ವೈದ್ಯೆ ಹೇಳಿದ ಅಳತೆಯಲ್ಲಿ ಕೊಡುತ್ತೇನೆ; ಅದರ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಕಂಡರೂ ಸಣ್ಣದೇ. ಹೊರಗೆ ಸುತ್ತಾಡಿ ಬಂದಾಗ ಪಾದ, ಹೊಟ್ಟೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ. ಶಾಂಪೂ ಈಗ ಹತ್ತು ದಿನಕ್ಕೊಮ್ಮೆ.

ವರ್ಷದಿಂದ ಅಂಕ ಒಂದೆರಡರ ಆಸುಪಾಸಿನಲ್ಲೇ ಇತ್ತು. ಕಳೆದ ತಿಂಗಳು ಒಂದು ರಾತ್ರಿ ಬಿಲ್ಲೆಯ ಸದ್ದು ಮತ್ತೆ ಕೇಳಿತು, ಮರುದಿನವೂ ಕೇಳಿತು. ಅಂಕ ಐದು. ಚುಚ್ಚುಮದ್ದು ಫಲ ಕೊಡುವುದನ್ನು ಬಿಟ್ಟಿತೇ ಎಂದು ಹೆದರಿ, ಮೊದಲು ಹಾಳೆಯ ಮೇಲೆ ಚುಕ್ಕೆ ಇಟ್ಟು ನೋಡಿದೆ. ಎಲ್ಲವೂ ಬಾಲದ ಬುಡದಲ್ಲಿ. ಬಾಚಣಿಗೆ, ಒದ್ದೆ ಕಾಗದ, ಕರಿ ಹರಳು, ಕೆಂಗಂದು ಬಣ್ಣ. ಕ್ಯಾಲೆಂಡರ್ ತಿರುವಿದರೆ ಬೆಕ್ಕಿನ ಹನಿಯ ದಿನ ಕಳೆದು ಐದು ವಾರವಾಗಿತ್ತು. ಬೆಕ್ಕು ಸೋಫಾ ಮೇಲೆ ಮಲಗಿ ಒಂದು ಕಣ್ಣು ತೆರೆದು ನನ್ನನ್ನು ನೋಡಿತು, ಮತ್ತೆ ಮುಚ್ಚಿತು.